ಹೋಟೆಲಿಗೆ ಕೊಟೇಶನ್ ಕೇಳೋದು ಹೇಗೆ? ಗುರುವಂದನೆ ಜವಾಬ್ದಾರಿ ತಲೆಮೇಲೆ ಬಿದ್ದವರಿಗೆ

ಹತ್ತನೇ ತರಗತಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ರಾತ್ರಿ ಯಾರೋ ಹಳೆ ಫೋಟೊ ಹಾಕುತ್ತಾರೆ. ಅಲ್ಲಿಂದ ಶುರು. 'ಇಪ್ಪತ್ತೈದು ವರ್ಷ ಆತಲ್ಲೋ, ಗುರುವಂದನೆ ಮಾಡೋಣ.' ಬೆಂಗಳೂರಿನವರು ಹೂಂ ಅಂತಾರೆ, ಪುಣೆಯವರು ಹೂಂ ಅಂತಾರೆ, ಹೈದರಾಬಾದಿನವರು ಎರಡು ಸಲ ಹೂಂ ಅಂತಾರೆ. ಕೊನೆಗೆ ಒಂದು ಸಾಲು ಬರುತ್ತದೆ: 'ನೀ ಕಲಬುರಗ್ಯಾಗೇ ಇದ್ದಿ, ಹೋಟೆಲ್ ನೀನೇ ನೋಡು.'

ನಮ್ಮ ಬ್ಯಾಚಿನಲ್ಲಿ ಆ 'ನೀನು' ನಾನಾಗಿದ್ದೆ. ಮರುದಿನವೇ ಹುರುಪಿನಿಂದ ಒಂದು ಹೋಟೆಲಿಗೆ ಫೋನ್ ಹಚ್ಚಿದೆ.

'ಹಾಲ್ ಎಷ್ಟಾಗ್ತದ್ರಿ?'

'ಎಷ್ಟ್ ಮಂದಿ ಬರ್ತಾರ್ರಿ ಸರ್?'

'ನೂರಾ ಐವತ್ತು ಆಗಬಹುದ್ರಿ.'

'ಊಟ ನಮ್ದಾ, ನಿಮ್ದಾ?'

ನಾನು ಸುಮ್ಮನಾದೆ.

'ರೂಮ್ ಬೇಕೇನ್ರಿ? ಎಸಿನಾ, ನಾನ್ ಎಸಿನಾ? ಎಷ್ಟ್ ರಾತ್ರಿ?'

'ಕೇಳಿ ಹೇಳ್ತೀನ್ರಿ' ಅಂತ ಫೋನ್ ಇಟ್ಟೆ. ಒಂದು ನಿಮಿಷವೂ ಆಗಿರಲಿಲ್ಲ.

ಕಾಲೇಜಿನ ಸೆಮಿನಾರ್ ಇರಲಿ, ಔಷಧ ಕಂಪನಿಯ ಮೀಟಿಂಗ್ ಇರಲಿ, ಮನೆಯ ನಿಶ್ಚಿತಾರ್ಥ ಇರಲಿ, ಹೊಸದಾಗಿ ಈ ಕೆಲಸ ಮಾಡುವವರೆಲ್ಲ ಎಡವುವುದು ಇಲ್ಲೇ. ನಾವು ರೇಟ್ ಕೇಳುತ್ತೇವೆ. ಹೋಟೆಲಿನವರು ತಿರುಗಿ ನಮ್ಮನ್ನೇ ಕೇಳುತ್ತಾರೆ. ಯಾಕೆ ಹಾಗೆ ಕೇಳುತ್ತಾರೆ, ಅವರ ಉತ್ತರ ಬಂದಾಗ ಅದನ್ನು ಹೇಗೆ ಓದಬೇಕು ಅನ್ನೋದನ್ನು ನೋಡೋಣ.

ಒಂದೇ ರಾಶಿ, ಹಲವು ಬೆಲೆ

ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಮಾರಾಟ ನೋಡಿದವರಿಗೆ ಈ ವಿಷಯ ಅರ್ಧ ಗೊತ್ತಿದ್ದಂತೆಯೇ. ರೈತ ತಂದ ಕಾಳು ಅಂಗಡಿ ಮುಂದೆ ರಾಶಿ ಬೀಳುತ್ತದೆ. ರಾಶಿಗೊಂದು ಲಾಟ್ ನಂಬರ್ ಇರುತ್ತದೆ. ಖರೀದಿದಾರರು ಒಬ್ಬೊಬ್ಬರಾಗಿ ಬಂದು ಒಂದು ಹಿಡಿ ಕಾಳು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾರೆ. ಆಮೇಲೆ ತಮ್ಮ ತಮ್ಮ ಬೆಲೆ ಹಾಕುತ್ತಾರೆ. ಎಲ್ಲರೂ ನೋಡಿದ ರಾಶಿ ಒಂದೇ ಆಗಿರುವುದರಿಂದ, ಯಾರ ಬೆಲೆ ಹೆಚ್ಚು ಅನ್ನೋದು ತಕ್ಷಣ ಗೊತ್ತಾಗುತ್ತದೆ.

ಹೋಟೆಲಿಗೆ ಕೊಟೇಶನ್ ಕೇಳುವಾಗ ನಾವು ಮಾಡುವ ತಪ್ಪು ಏನೆಂದರೆ, ಒಬ್ಬೊಬ್ಬರಿಗೆ ಒಂದೊಂದು ರಾಶಿ ತೋರಿಸುತ್ತೇವೆ. ಮೊದಲನೆಯವರಿಗೆ 150 ಜನ ಅಂತ ಹೇಳಿರುತ್ತೇವೆ. ಎರಡನೆಯವರಿಗೆ ಹೇಳುವಷ್ಟರಲ್ಲಿ ಅದು 120 ಆಗಿರುತ್ತದೆ. ಮೂರನೆಯವರಿಗೆ ತಿಂಡಿಯ ವಿಷಯ ಹೇಳಲು ಮರೆತಿರುತ್ತೇವೆ. ಬಂದ ಮೂರು ರೇಟುಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯಲ್ಲ.

ದೊಡ್ಡ ಕಂಪನಿಗಳು ಇದಕ್ಕೆ ಒಂದು ಪದ್ಧತಿ ಮಾಡಿಕೊಂಡಿವೆ. ತಮಗೆ ಬೇಕಾದದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಹಲವು ಹೋಟೆಲುಗಳಿಗೆ ಒಂದೇ ದಿನ ಕಳಿಸುತ್ತವೆ. ಇದನ್ನು ಆರ್‌ಎಫ್‌ಪಿ ಅನ್ನುತ್ತಾರೆ. 'ನಮಗೆ ಇದು ಬೇಕು, ನೀವು ಏನು ಕೊಡ್ತೀರಿ, ಎಷ್ಟಕ್ಕೆ ಕೊಡ್ತೀರಿ ಹೇಳಿ' ಅಂತ ಬರೆದು ಕೇಳುವುದು ಅಷ್ಟೇ. ಅದಕ್ಕೆ ಹೋಟೆಲ್ ಕೊಡುವ ಉತ್ತರವೇ ಪ್ರಪೋಸಲ್. ನಮ್ಮ ಕಡೆ ಎಲ್ಲಕ್ಕೂ ಸೇರಿಸಿ ಕೊಟೇಶನ್ ಅಂತಲೇ ಹೇಳುವುದು ರೂಢಿ, ಅದರಿಂದ ಏನೂ ತೊಂದರೆಯಿಲ್ಲ.

ಹೋಟೆಲಿನವರ ತಲೆಯಲ್ಲಿ ಓಡುವ ಲೆಕ್ಕ

ಕಲಬುರಗಿ ಬಸ್ ನಿಲ್ದಾಣದಿಂದ ಬೀದರಿಗೆ ಒಂದು ಬಸ್ ಹೊರಟಿತು ಅಂದುಕೊಳ್ಳಿ. ಹತ್ತು ಸೀಟು ಖಾಲಿ. ಬಸ್ ಹುಮನಾಬಾದ್ ದಾಟಿದ ಮೇಲೆ ಆ ಸೀಟುಗಳನ್ನು ಕಲಬುರಗಿಯಲ್ಲಿ ಮಾರಲು ಆಗುತ್ತದೆಯೇ? ಹೋಟೆಲ್ ರೂಮೂ ಹಾಗೆ. ಇವತ್ತು ರಾತ್ರಿ ಖಾಲಿ ಉಳಿದ ರೂಮಿನ ದುಡ್ಡು ನಾಳೆ ಬರುವುದಿಲ್ಲ. ಅದಕ್ಕೇ ಒಂದೇ ರೂಮಿಗೆ ಸೋಮವಾರ ಒಂದು ರೇಟ್, ಮದುವೆ ಮುಹೂರ್ತದ ದಿನ ಇನ್ನೊಂದು ರೇಟ್.

ಹಾಲ್ ಲೆಕ್ಕ ಸ್ವಲ್ಪ ಬೇರೆ. ಒಂದು ಹಾಲನ್ನು ದಿನಕ್ಕೆ ಎರಡು ಸಲ ಕೊಡಬಹುದು, ಬೆಳಗಿನ ಪಾಳಿ ಒಂದು, ಸಂಜೆಯ ಪಾಳಿ ಒಂದು. ನಿಮ್ಮ ಗುರುವಂದನೆ ಬೆಳಿಗ್ಗೆ 9ಕ್ಕೆ ಶುರುವಾಗಿ ರಾತ್ರಿ 7ರವರೆಗೆ ಎಳೆದರೆ ಎರಡೂ ಪಾಳಿ ಹೋಯಿತು. 4 ಗಂಟೆಗೆ ಖಾಲಿ ಮಾಡುತ್ತೇವೆ ಅಂದರೆ ಅವರು ಸಂಜೆಗೆ ಒಂದು ಹುಟ್ಟುಹಬ್ಬ ಹಿಡಿಯಬಹುದು. ಊಟದಲ್ಲಿ ಅವರಿಗೆ ಉಳಿಯುವುದು ಜಾಸ್ತಿ. ಆದ್ದರಿಂದಲೇ 'ಊಟ ನಮ್ದಾ, ನಿಮ್ದಾ' ಅನ್ನುವ ಪ್ರಶ್ನೆ ಅಷ್ಟು ಬೇಗ ಬಂತು. ಊಟ ಅವರದೇ ಆದರೆ ಹಾಲ್ ಬಾಡಿಗೆ ಬಿಟ್ಟುಕೊಡುವ ಹೋಟೆಲುಗಳು ಬೇಕಾದಷ್ಟಿವೆ. ಹೊರಗಿನ ಅಡುಗೆಯವರನ್ನು ಕರೆಸುತ್ತೇವೆ ಅಂದರೆ ಕೆಲವರು ಒಪ್ಪುವುದೇ ಇಲ್ಲ.

ಇಷ್ಟು ಗೊತ್ತಿದ್ದರೆ ಚೌಕಾಸಿ ಎಲ್ಲಿ ಮಾಡಬಹುದು ಅನ್ನೋದೂ ತಿಳಿಯುತ್ತದೆ. ದಿನ ಹಿಂದೆ ಮುಂದೆ ಮಾಡಲು ನೀವು ತಯಾರಿದ್ದರೆ ನಿಮ್ಮ ಕೈ ಮೇಲು.

ದಿನ ಗೊತ್ತು ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ

ನಮ್ಮೂರಿನಲ್ಲಿ ಕೆಲವು ದಿನ ರೂಮ್ ಸಿಗುವುದು ಕಷ್ಟ. ಹೋಳಿ ಹುಣ್ಣಿಮೆಯಾದ ಮೇಲೆ ಶರಣಬಸವೇಶ್ವರ ಜಾತ್ರೆ. ಖಾಜಾ ಬಂದೇನವಾಜ್ ದರ್ಗಾದ ಉರುಸು ಚಾಂದ್ರಮಾನ ಲೆಕ್ಕದ್ದು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ತಾರೀಖು ನೋಡಿಕೊಂಡು ಈ ವರ್ಷ ಬುಕ್ ಮಾಡಲು ಹೋದರೆ ಸಿಕ್ಕಿಬೀಳುತ್ತೀರಿ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮಂತ್ರಿಗಳು, ಅಧಿಕಾರಿಗಳು ಬರುತ್ತಾರೆ. 2024ರಲ್ಲಿ ಅದೇ ದಿನ ಸಚಿವ ಸಂಪುಟ ಸಭೆಯೂ ಇಲ್ಲೇ ನಡೆಯಿತು. ದೇವಲ ಗಾಣಗಾಪುರಕ್ಕೆ ಹೊರಟ ಮಹಾರಾಷ್ಟ್ರದ ಭಕ್ತರು ಹುಣ್ಣಿಮೆ ಆಸುಪಾಸಿನಲ್ಲಿ ಊರಲ್ಲಿ ಇಳಿಯುತ್ತಾರೆ. ಬೀದರಿನಲ್ಲಾದರೆ ಗುರುನಾನಕ್ ಜಯಂತಿ, ಯಾದಗಿರಿಯಲ್ಲಾದರೆ ಸಂಕ್ರಾಂತಿಯ ಮೈಲಾಪುರ ಜಾತ್ರೆ. ಇದರ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಳು. ಸ್ಟೇಶನ್ ಸುತ್ತಲಿನ ಲಾಡ್ಜುಗಳು ಹಿಂದಿನ ದಿನ ಸಂಜೆಯೇ ತುಂಬಿರುತ್ತವೆ.

ಇನ್ನು ಏಪ್ರಿಲ್, ಮೇ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ವಯಸ್ಸಾದ ಮೇಷ್ಟ್ರುಗಳನ್ನು ಮಧ್ಯಾಹ್ನ ಕರೆಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ಮಕ್ಕಳಿಗೆ ರಜೆ ಇರುವುದು ಆಗಲೇ ಅಂತ ಗ್ರೂಪಿನಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ.

ನಮ್ಮ ಕಡೆಯ ಲೆಕ್ಕ ಮೊದಲು

ಹೋಟೆಲಿನವರು ಕೇಳುವುದು ಮೂರೇ ಸಂಖ್ಯೆ. ಎಷ್ಟು ಜನ ಕೂರುತ್ತಾರೆ, ಎಷ್ಟು ಜನ ಉಣ್ಣುತ್ತಾರೆ, ಎಷ್ಟು ಜನ ಮಲಗುತ್ತಾರೆ. ಈ ಮೂರೂ ಬೇರೆ ಬೇರೆ. ಊರಿನವರು ಉಂಡು ಮನೆಗೆ ಹೋಗುತ್ತಾರೆ. ಡ್ರೈವರುಗಳು ಕೂರುವುದಿಲ್ಲ, ಉಣ್ಣುತ್ತಾರೆ. ಹೈದರಾಬಾದಿನವರು ಸುಮಾರು 220 ಕಿಲೋಮೀಟರ್ ಕಾರಿನಲ್ಲಿ ಬಂದು ರಾತ್ರಿಗೇ ವಾಪಸ್ ಹೊರಡುತ್ತೇವೆ ಅಂತಾರೆ, ಕೊನೆಗಳಿಗೆಯಲ್ಲಿ ರೂಮ್ ಕೇಳುತ್ತಾರೆ.

ರೈಲಿನ ವಿಷಯ ಮರೆಯಬೇಡಿ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದವರು ಕಲಬುರಗಿಯಲ್ಲಿ ಬೆಳಿಗ್ಗೆ ಇಳಿಯುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಚೆಕ್-ಇನ್ ಮಧ್ಯಾಹ್ನ 12ಕ್ಕೋ ಅದರ ನಂತರವೋ. ಮಧ್ಯದ ಐದಾರು ತಾಸು ಜನ ಎಲ್ಲಿ ಸ್ನಾನ ಮಾಡಬೇಕು? ನಮ್ಮ ಕಡೆಯ ಹಲವು ಲಾಡ್ಜುಗಳಲ್ಲಿ 24 ತಾಸಿನ ಲೆಕ್ಕ ಇರುತ್ತದೆ. ಬೆಳಿಗ್ಗೆ 7ಕ್ಕೆ ಬಂದರೆ ಮರುದಿನ ಬೆಳಿಗ್ಗೆ 7ರವರೆಗೆ ರೂಮ್ ನಿಮ್ಮದು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ 12ರ ಲೆಕ್ಕದ ಹೋಟೆಲಿನಲ್ಲಿ ಬೆಳಿಗ್ಗೆಯೇ ರೂಮ್ ಬೇಕೆಂದರೆ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೇಳಬಹುದು. 20 ರೂಮಿಗೆ ಅದು ಎಷ್ಟಾಯಿತು ನೋಡಿ. ನಾಲ್ಕು ರೂಮ್ ಮಾತ್ರ ಹಿಂದಿನ ರಾತ್ರಿಯಿಂದ ತೆಗೆದುಕೊಂಡು, ಬಂದವರೆಲ್ಲ ಸರದಿಯಲ್ಲಿ ಸ್ನಾನ ಮುಗಿಸುವುದು ಒಂದು ಉಪಾಯ. ನಾವು ಮಾಡಿದ್ದು ಅದನ್ನೇ. ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ ಅಂತ ಮಾತ್ರ ಕೇಳಿರಲಿಲ್ಲ!

ಯಾರನ್ನು ಕೇಳೋದು?

ಅಮೆರಿಕದಲ್ಲಿ 1999ರಲ್ಲಿ ಶುರುವಾದ ಸಿವೆಂಟ್‌ನಂಥ ಜಾಲತಾಣಗಳಿವೆ. ಒಂದು ಸಲ ಫಾರ್ಮ್ ತುಂಬಿದರೆ ನೀವು ಆರಿಸಿದ ಹೋಟೆಲುಗಳಿಗೆಲ್ಲ ಒಟ್ಟಿಗೇ ಹೋಗುತ್ತದೆ, ಉತ್ತರಗಳೂ ಒಂದೇ ಕಡೆ ಬರುತ್ತವೆ. ಹೋಟೆಲ್ ಹುಡುಕುವವರಿಗೆ ಇದಕ್ಕೆ ಖರ್ಚಿಲ್ಲ, ದುಡ್ಡು ಕೊಡುವವರು ಹೋಟೆಲಿನವರು. ಬೆಂಗಳೂರು, ಹೈದರಾಬಾದಿನಲ್ಲಿ ದೊಡ್ಡ ಸಮ್ಮೇಳನ ಮಾಡುವವರಿಗೆ ಸರಿ. ನಮ್ಮ ಕಡೆ ಕೆಲಸ ನಡೆಯುವುದು ಫೋನು, ವಾಟ್ಸಾಪ್, ಮತ್ತೆ ಒಂದು ಸಲ ಖುದ್ದಾಗಿ ಹೋಗಿ ಕೂತು ಮಾತಾಡುವುದರಲ್ಲಿ.

ಮೊದಲು ಗೂಗಲ್ ಮ್ಯಾಪಿನಲ್ಲಿ ಏಳೆಂಟು ಹೆಸರು ಹೆಕ್ಕಿ. ಜನ ಹಾಕಿದ ಫೋಟೊ ನೋಡಿ, ಹೋಟೆಲಿನವರು ಹಾಕಿದ್ದನ್ನಲ್ಲ. ಆಮೇಲೆ ಪೆಂಡಾಲ್ ಹಾಕುವವರನ್ನೋ, ಮೈಕ್ ಸೆಟ್ಟಿನವರನ್ನೋ, ಫೋಟೊಗ್ರಾಫರನ್ನೋ ಕೇಳಿ. ಯಾವ ಹಾಲಿನಲ್ಲಿ ಲಿಫ್ಟ್ ಕೆಡುತ್ತದೆ, ಎಲ್ಲಿ ಪಾರ್ಕಿಂಗ್ ಜಗಳ ಆಗುತ್ತದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲ್ಲ. ನಾಲ್ಕು ಹೆಸರು ಉಳಿಸಿಕೊಂಡರೆ ಸಾಕು. ಸರ್ಕಾರಿ ಕಾಲೇಜಿನ ಕಾರ್ಯಕ್ರಮ ಆದರೆ ಲೆಕ್ಕ ಪರಿಶೋಧನೆಗೆ ಕನಿಷ್ಠ ಮೂರು ಕೊಟೇಶನ್ ಮತ್ತು ಹೋಲಿಕೆ ಪಟ್ಟಿ ಇಡುವುದು ರೂಢಿ. ಮನೆ ಕೆಲಸಕ್ಕೂ ಅದೇ ಒಳ್ಳೆಯದು.

ಯಾದಗಿರಿಯಂಥ ಚಿಕ್ಕ ಊರಿನಲ್ಲಿ ಹಾಲ್, ಊಟ, ರೂಮ್ ಮೂರೂ ಒಂದೇ ಸೂರಿನಡಿ ಸಿಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಕಲ್ಯಾಣ ಮಂಟಪ ಒಂದು ಕಡೆ, ರೂಮು ಎರಡು ಲಾಡ್ಜಿನಲ್ಲಿ, ಊಟ ಅಡುಗೆ ಭಟ್ಟರದ್ದು ಅಂತ ಮಾಡಬಹುದು. ಆಗ ಕೊಟೇಶನ್ನೂ ಮೂರು ತರಹದ್ದು ಬೇಕಾಗುತ್ತದೆ ಅಷ್ಟೇ.

ಕಳಿಸುವ ಪತ್ರ

ಇದನ್ನು ಬರೆಯಲು ಇಂಗ್ಲಿಷೂ ಬೇಕಿಲ್ಲ, ಲೆಟರ್‌ಹೆಡ್ಡೂ ಬೇಕಿಲ್ಲ. ನಾನು ವಾಟ್ಸಾಪಿನಲ್ಲಿ ಕಳಿಸಿದ್ದು ಹೆಚ್ಚುಕಮ್ಮಿ ಹೀಗಿತ್ತು:

'ನಮಸ್ಕಾರ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುರುವಂದನೆ ಇದೆ. ಡಿಸೆಂಬರ್ ಕೊನೆಯ ಭಾನುವಾರ ಬೇಕು, ಆಗದಿದ್ದರೆ ಅದರ ಹಿಂದಿನ ಶನಿವಾರವೂ ನಡೆಯುತ್ತದೆ. ಎರಡಕ್ಕೂ ಬೇರೆ ಬೇರೆ ರೇಟ್ ಹೇಳಿ. ಹಾಲ್ ಬೆಳಿಗ್ಗೆ 9ರಿಂದ ಸಂಜೆ 4. ಬ್ಯಾನರ್ ಕಟ್ಟಲು ಹಿಂದಿನ ರಾತ್ರಿ ಎರಡು ತಾಸು ಬೇಕು. 150 ಜನ ಕುರ್ಚಿ ಸಾಲಿನಲ್ಲಿ ಕೂರುತ್ತಾರೆ, ವೇದಿಕೆಯಲ್ಲಿ 12 ಜನ. ಬೆಳಿಗ್ಗೆ ಚಹಾ, ಮಧ್ಯಾಹ್ನ ಸಸ್ಯಾಹಾರಿ ಊಟ, ಅದರಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಒಂದು ಸಿಹಿ ಇರಲೇಬೇಕು. ಎಸಿ ರೂಮ್ 20, ಒಂದು ರಾತ್ರಿ, ರೂಮಿಗೆ ಇಬ್ಬರು. ಅದರಲ್ಲಿ 4 ರೂಮ್ ಹಿಂದಿನ ರಾತ್ರಿಯಿಂದ. ಮೆಟ್ಟಿಲು ಹತ್ತಲಾಗದ ಹಿರಿಯರು ಎಂಟು ಜನ ಇದ್ದಾರೆ. ಕರೆಂಟ್ ಹೋದರೆ ಹಾಲಿನ ಎಸಿ ಜನರೇಟರ್ ಮೇಲೆ ನಡೆಯುತ್ತದೆಯೇ? ತೆರಿಗೆ ಬಿಡಿಸಿ ತೋರಿಸಿ. ಅಡ್ವಾನ್ಸ್ ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸ್, ಬರೆದು ತಿಳಿಸಿ. ಬರುವ ಶನಿವಾರದೊಳಗೆ ಉತ್ತರ ಬಂದರೆ ಅನುಕೂಲ.'

ನಾಲ್ಕು ಹೋಟೆಲುಗಳಿಗೂ ಒಂದಕ್ಷರ ಬದಲಿಸದೆ ಇದನ್ನೇ ಕಳಿಸಿ. ಬಜೆಟ್ ಹೇಳಬೇಕೋ ಬೇಡವೋ ಅಂತ ಜನ ಕೇಳುತ್ತಾರೆ. ಪೂರ್ತಿ ಹೇಳಿದರೆ ಅವರು ಅಲ್ಲಿಗೇ ರೇಟ್ ತಂದು ನಿಲ್ಲಿಸಬಹುದು, ಏನೂ ಹೇಳದಿದ್ದರೆ ನಿಮಗೆ ಎಟುಕದ ಮೆನು ಕಳಿಸಬಹುದು. 'ಪ್ಲೇಟಿಗೆ 500ರಿಂದ 600ರೊಳಗೆ' ಅಂತ ಒಂದು ಅಂದಾಜು ಕೊಡುವುದು ನನಗೆ ಸರಿ ಕಂಡಿದೆ.

ಮೆನುವಿನಲ್ಲಿ ರೊಟ್ಟಿಯ ಬಗ್ಗೆ ಎಚ್ಚರ. ಹೋಟೆಲ್ ಅಡುಗೆಮನೆಯಲ್ಲಿ ತಂದೂರಿ ರೊಟ್ಟಿ ಮಾಡುವವರು ಇರುತ್ತಾರೆ, ಜೋಳದ ರೊಟ್ಟಿ ಬಡಿಯುವವರು ಇರಬೇಕೆಂದೇನಿಲ್ಲ. ಹೊರಗಿನಿಂದ ಹೆಣ್ಣುಮಕ್ಕಳನ್ನು ಕರೆಸುತ್ತಾರೆ. ಅವರ ಕೂಲಿ ಪ್ಲೇಟ್ ರೇಟಿನೊಳಗೋ ಹೊರಗೋ ಅಂತ ಮೊದಲೇ ಕೇಳಿಕೊಳ್ಳಿ.

ಉತ್ತರದಲ್ಲಿ ಬರುವ ಪದಗಳು

ಮೊದಲ ಪದ ಎಂಜಿ. ಮಿನಿಮಮ್ ಗ್ಯಾರಂಟಿ ಅಂತ ಬಿಡಿಸಿ ಓದಬೇಕು. 'ಎಂಜಿ 150' ಅಂದರೆ 110 ಜನ ಉಂಡರೂ 150 ಪ್ಲೇಟಿನ ದುಡ್ಡು ಕೊಡಬೇಕು. ಹಾಲಿನವನಿಗೆ ನಾಳೆ ಹತ್ತು ಲೀಟರ್ ಬೇಕು ಅಂತ ಹೇಳಿ, ಬಂದಾಗ ನಾಲ್ಕು ಲೀಟರ್ ಸಾಕು ಅಂದರೆ ಅವನು ಸುಮ್ಮನಿರುತ್ತಾನೆಯೇ? ತರಕಾರಿ ತಂದಾಗಿರುತ್ತದೆ, ಅಡುಗೆ ಆಗಿರುತ್ತದೆ. ಹಾಗಾಗಿ ಎಂಜಿ ತಪ್ಪಲ್ಲ. ಅದನ್ನು ಎಷ್ಟಕ್ಕೆ ಒಪ್ಪಿಕೊಳ್ಳುತ್ತೀರಿ ಅನ್ನೋದರಲ್ಲಿ ಜಾಣತನ ಇದೆ. 150 ಜನ ಬರಬಹುದು ಅಂತಿದ್ದರೆ 125ಕ್ಕೆ ಎಂಜಿ ಬರೆಸಿ, ಉಳಿದದ್ದು ಉಂಡಷ್ಟಕ್ಕೆ ಲೆಕ್ಕ ಅನ್ನಿ. ಕೊನೆಯ ಸಂಖ್ಯೆ ಯಾವತ್ತು ಹೇಳಬೇಕು ಅನ್ನೋದನ್ನೂ ಕೇಳಿ. ಎರಡು ಮೂರು ದಿನ ಮುಂಚೆ ಹೇಳುವುದು ಸಾಮಾನ್ಯ.

ಉಂಡವರನ್ನು ಎಣಿಸುವುದು ಖಾಲಿಯಾದ ಪ್ಲೇಟಿನ ಮೇಲೆ. ಬಫೆ ಸಾಲಿನ ತುದಿಯಲ್ಲಿ ಒಂದು ತಾಸು ನಿಂತು ನೋಡಿ, ತಮಾಷೆ ಗೊತ್ತಾಗುತ್ತದೆ. ನಮ್ಮ ಜನ ಒಂದು ಪ್ಲೇಟಿನಲ್ಲಿ ರೊಟ್ಟಿ ಪಲ್ಯ ತಿಂದು ಬುಟ್ಟಿಯಲ್ಲಿ ಇಡುತ್ತಾರೆ. ಅನ್ನ ಸಾರಿಗೆ ಮತ್ತೊಂದು ಹೊಸ ಪ್ಲೇಟ್ ಎತ್ತುತ್ತಾರೆ. ಮಕ್ಕಳು ಬರೀ ಗುಲಾಬ್ ಜಾಮೂನಿಗೆ ಒಂದು ಎತ್ತುತ್ತಾರೆ. ಲೆಕ್ಕದಲ್ಲಿ ಮೂವರು ಉಂಡರು! ಸಿಹಿಗೆ ಸಣ್ಣ ಬಟ್ಟಲು ಬೇರೆ ಇಡಿಸಿ, ಪ್ಲೇಟಿನ ಹತ್ತಿರ ನಿಮ್ಮ ಕಡೆಯವರೊಬ್ಬರನ್ನು ನಿಲ್ಲಿಸಿ. ಹೋಟೆಲಿನವರ ಜೊತೆ ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಒಟ್ಟಿಗೇ ಪ್ಲೇಟ್ ಎಣಿಸಿಕೊಂಡರೆ ರಾತ್ರಿ ವಾದ ಇರಲ್ಲ.

ರೂಮಿನ ರೇಟಿನ ಮುಂದೆ ಇಪಿ, ಸಿಪಿ, ಎಂಎಪಿ, ಎಪಿ ಅಂತ ಅಕ್ಷರಗಳಿರುತ್ತವೆ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ತಿಂಡಿ ಸೇರಿ. ಎಂಎಪಿ ಅಂದರೆ ತಿಂಡಿ, ಜೊತೆಗೆ ಒಂದು ಊಟ. ಎಪಿ ಅಂದರೆ ಮೂರೂ ಹೊತ್ತು. ಪ್ಯಾಕ್ಸ್ ಅಂತ ಬಂದರೆ ಗಾಬರಿ ಬೇಡ, ತಲೆ ಎಣಿಕೆ ಅಂತ ಅರ್ಥ.

ನಿಮಗೋಸ್ಕರ 20 ರೂಮ್ ತೆಗೆದಿಡುವುದಕ್ಕೆ ಬ್ಲಾಕ್ ಮಾಡುವುದು ಅಂತಾರೆ. ಅದಕ್ಕೊಂದು ಕೊನೆಯ ದಿನ ಇರುತ್ತದೆ, ಕಟ್-ಆಫ್. ಆ ದಿನದೊಳಗೆ ಹೆಸರು ಕೊಡದ ರೂಮುಗಳನ್ನು ಅವರು ಬೇರೆಯವರಿಗೆ ಕೊಟ್ಟುಬಿಡಬಹುದು. 20ರಲ್ಲಿ ಎಷ್ಟು ರೂಮ್ ದಂಡವಿಲ್ಲದೆ ಬಿಟ್ಟುಕೊಡಬಹುದು ಅನ್ನುವುದು ಇನ್ನೊಂದು ಪ್ರಶ್ನೆ. 'ನಾಲ್ಕು ರೂಮಿನ ತನಕ ಬಿಡಬಹುದು' ಅಂತ ಬರೆಸಿಕೊಂಡರೆ ಒಳ್ಳೆಯದು. ಬರ್ತೀನಿ ಅಂದು ಬಾರದವರು ಪ್ರತಿ ಬ್ಯಾಚಿನಲ್ಲೂ ನಾಲ್ಕು ಜನ ಇರುತ್ತಾರೆ.

ಗೆಳೆಯರಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುವವರಿದ್ದರೆ ಅದನ್ನೂ ಮುಂಚೆಯೇ ಹೇಳಿ. ವಿದೇಶಿಯರು ತಂಗಿದ 24 ತಾಸಿನೊಳಗೆ ಹೋಟೆಲಿನವರು ಅವರ ವಿವರ ತುಂಬಿದ ಫಾರ್ಮ್ ಒಂದನ್ನು (2025ರ ತನಕ ಇದರ ಹೆಸರು ಸಿ ಫಾರ್ಮ್) ಸರ್ಕಾರಕ್ಕೆ ಸಲ್ಲಿಸಬೇಕು. ಇದರ ತಲೆನೋವು ಬೇಡ ಅಂತ ಸಣ್ಣ ಲಾಡ್ಜಿನವರು ರೂಮ್ ಇಲ್ಲ ಅನ್ನುವುದುಂಟು.

ತೆರಿಗೆ ಎಂಬ ಬಾಲ

'ಟ್ಯಾಕ್ಸ್ ಎಕ್ಸ್‌ಟ್ರಾ' ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಷ್ಟು ಎಕ್ಸ್‌ಟ್ರಾ?

ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಪರ್ಸೆಂಟ್. ಅದಕ್ಕೂ ಮುಂಚೆ 12 ಇತ್ತು. ಹಳೆಯ ಕೊಟೇಶನ್ ಫೈಲನ್ನೇ ತಿದ್ದಿ ಕಳಿಸುವವರ ಹಾಳೆಯಲ್ಲಿ 12 ಹಾಗೇ ಉಳಿದಿದ್ದರೆ ಕೇಳಿ ಸರಿ ಮಾಡಿಸಿ. 7,500 ದಾಟಿದ ರೂಮಿಗೆ 18. ಹಾಲ್ ಬಾಡಿಗೆಯನ್ನು ಮಾತ್ರ ಬಿಲ್ ಮಾಡಿದರೆ 18. ಊಟದ ಜೊತೆಯಲ್ಲೇ ಹಾಲ್ ಕೊಟ್ಟು ಒಟ್ಟು ಬಿಲ್ ಮಾಡಿದರೆ, ರೂಮ್ ದರ 7,500ರೊಳಗಿರುವ ಸಾಮಾನ್ಯ ಹೋಟೆಲುಗಳಲ್ಲಿ 5. ಅಂದರೆ 'ಹಾಲ್ ಫ್ರೀ, ಊಟಕ್ಕೆ ಸ್ವಲ್ಪ ಜಾಸ್ತಿ' ಅನ್ನುವ ಹೋಟೆಲಿನಲ್ಲಿ ತೆರಿಗೆಯೂ ಕಡಿಮೆ ಬೀಳಬಹುದು.

ಸರ್ವಿಸ್ ಚಾರ್ಜ್ ಬೇರೆ, ಅದು ತೆರಿಗೆಯೇ ಅಲ್ಲ. ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಖುಷಿಯಿಂದ ಟಿಪ್ಸ್ ಕೊಡುವುದು ನಿಮ್ಮಿಷ್ಟ.

ಎರಡು ಉತ್ತರ, ಒಂದು ಹಾಳೆ

ಒಂದು ಉದಾಹರಣೆ ಮಾಡಿ ನೋಡೋಣ. ಸಂಖ್ಯೆಗಳು ಲೆಕ್ಕ ತಿಳಿಯಲಿ ಅಂತ ಹಾಕಿದವು. 150 ಜನರ ಊಟ, 20 ರೂಮ್, ಒಂದು ರಾತ್ರಿ.

ಮೊದಲ ಹೋಟೆಲ್: ಪ್ಲೇಟಿಗೆ 600, ಎಂಜಿ 150, ಹಾಲ್ ಫ್ರೀ, ರೂಮು ತಿಂಡಿ ಸೇರಿ 2,000. ಎರಡನೆಯದು: ಪ್ಲೇಟಿಗೆ 450, ಎಂಜಿ 200, ಹಾಲ್ 25,000 (ಅದರ ಬಿಲ್ ಬೇರೆ), ರೂಮು 1,800, ತಿಂಡಿ ತಲೆಗೆ 150.

ಗ್ರೂಪಿನಲ್ಲಿ ಹಾಕಿದರೆ ಎಲ್ಲರೂ ಎರಡನೆಯದಕ್ಕೇ ಹೆಬ್ಬೆರಳು ಎತ್ತುತ್ತಾರೆ. 600 ಎಲ್ಲಿ, 450 ಎಲ್ಲಿ!

ಈಗ ಕೂಡಿಸಿ. ಮೊದಲನೆಯದರಲ್ಲಿ ಊಟ 90,000, ತೆರಿಗೆ 4,500. ರೂಮು 40,000, ತೆರಿಗೆ 2,000. ಒಟ್ಟು 1,36,500. ಎರಡನೆಯದರಲ್ಲಿ 200 ಪ್ಲೇಟಿಗೆ ಕೊಡಬೇಕಲ್ಲ, ಹಾಗಾಗಿ ಊಟ ಅಲ್ಲೂ 90,000, ತೆರಿಗೆ 4,500. ಹಾಲಿಗೆ 25,000, ಅದರ ಮೇಲೆ 18 ಪರ್ಸೆಂಟ್ ಅಂದರೆ 4,500. ರೂಮು 36,000, ತೆರಿಗೆ 1,800. ನಲವತ್ತು ಜನರ ತಿಂಡಿ 6,000, ತೆರಿಗೆ 300. ಒಟ್ಟು 1,68,100. ಅಗ್ಗ ಅಂದುಕೊಂಡದ್ದು 31,600 ರೂಪಾಯಿ ಜಾಸ್ತಿ.

ಒಂದು ಕಾಗದದಲ್ಲಿ ಗೆರೆ ಎಳೆದು, ಎಡಗಡೆ ಊಟ, ಹಾಲ್, ರೂಮು, ತಿಂಡಿ, ಜನರೇಟರು, ಮೈಕು, ಪಾರ್ಕಿಂಗು ಬರೆದು, ಪ್ರತಿ ಹೋಟೆಲಿಗೆ ಒಂದು ಕಂಬ ಬಿಡಿ. ಖಾಲಿ ಉಳಿದ ಮನೆಗಳೇ ನೀವು ಮತ್ತೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಗಳು. ಹಾಗೆ ಕೇಳಿದಾಗ 'ಅದು ಫ್ರೀ ಇರ್ತದ್ರಿ' ಅಂದರೆ, 'ಹಂಗಿದ್ರ ಒಂದ್ ಮೆಸೇಜ್ ಹಾಕ್ರಿ' ಅನ್ನಿ.

ಹಾಲನ್ನು ಕಣ್ಣಾರೆ ನೋಡಿ

'200 ಜನರ ಹಾಲ್' ಅನ್ನುವ ಮಾತಿಗೆ ಹೇಗೆ ಕೂರುತ್ತಾರೆ ಅನ್ನೋದರ ಮೇಲೆ ಅರ್ಥ. ಬರೀ ಕುರ್ಚಿ ಸಾಲಾದರೆ ಒಬ್ಬರಿಗೆ ಸುಮಾರು 8ರಿಂದ 10 ಚದರಡಿ ಸಾಕು. ದುಂಡು ಟೇಬಲ್ ಹಾಕಿದರೆ 12ರಿಂದ 15 ಬೇಕು. ಮುಂದೆ ಡೆಸ್ಕ್ ಇಟ್ಟು ಬರೆಯಲು ಅನುಕೂಲ ಮಾಡಿದರೆ ಇನ್ನೂ ಜಾಸ್ತಿ. 1,800 ಚದರಡಿ ಹಾಲಿನಲ್ಲಿ ವೇದಿಕೆ, ನಡುವಿನ ದಾರಿ ಎಲ್ಲ ಬಿಟ್ಟರೆ 150 ಕುರ್ಚಿ ಆರಾಮಾಗಿ ಹಿಡಿಯುತ್ತದೆ. ಅದೇ ಹಾಲಿನಲ್ಲಿ ಊಟದ ಟೇಬಲ್ಲುಗಳನ್ನೂ ಇಡುತ್ತೇವೆ ಅಂದರೆ ಇಲ್ಲ.

ಹೋದಾಗ ಲಿಫ್ಟಿನಲ್ಲೇ ಹತ್ತಿ, ಮೆಟ್ಟಿಲಲ್ಲೇ ಇಳಿಯಿರಿ. ಮೈಕ್ ಹಾಕಿಸಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಬಾತ್‌ರೂಮ್ ನೋಡಿ. ತೆರೆದ ಲಾನಿನಲ್ಲಿ ಸಂಜೆ ಹಾಡು ಗೀಡು ಇಟ್ಟುಕೊಂಡಿದ್ದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಯಾರು ತರುತ್ತಾರೆ ಕೇಳಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕ್ ಹಾಕುವ ಹಾಗಿಲ್ಲ.

ಜನರೇಟರ್ ಪ್ರಶ್ನೆ ಪತ್ರದಲ್ಲಿ ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಮನೆಯ ಒಂದು ನಿಶ್ಚಿತಾರ್ಥ, ಊರಿನದೇ ಒಂದು ಹೋಟೆಲಿನ ಎಸಿ ಹಾಲಿನಲ್ಲಿ. 'ಜನರೇಟರ್ ಇದೆಯೇನ್ರಿ' ಅಂತ ಕೇಳಿದ್ದೆ, 'ಅದರಿ' ಅಂದಿದ್ದರು. ಉಂಗುರ ಹಾಕುವ ಹೊತ್ತಿಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಯಿತು, ಲೈಟ್ ಬಂತು, ಎರಡು ಫ್ಯಾನ್ ತಿರುಗಿದವು. ಎಸಿ ಮಾತ್ರ ಬರಲಿಲ್ಲ. ಮುಚ್ಚಿದ ಹಾಲು, ತೆರೆಯಲು ಬಾರದ ಗಾಜಿನ ಕಿಟಕಿ, 200 ಜನ. ಬೀಗರ ಮನೆಯ ಅಜ್ಜಿಯೊಬ್ಬರು ಲಗ್ನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿದ್ದರು.

ಅಡ್ವಾನ್ಸ್ ಕೊಡುವ ಮುಂಚೆ

ಒಂದು ಹೋಟೆಲ್ ಗಟ್ಟಿಯಾದ ಮೇಲೆ ಮಾತಾಡಿದ್ದೆಲ್ಲ ಒಂದು ಹಾಳೆಗೆ ಬರಬೇಕು. ದೊಡ್ಡ ಹೋಟೆಲುಗಳಲ್ಲಿ ಅದಕ್ಕೆ ಫಂಕ್ಷನ್ ಪ್ರಾಸ್ಪೆಕ್ಟಸ್, ಅಥವಾ ಬರೀ ಎಫ್‌ಪಿ ಅಂತಾರೆ. ಯಾವ ಹಾಲ್, ಎಷ್ಟು ಹೊತ್ತಿಗೆ, ಯಾವ ಮೆನು, ಎಂಜಿ ಎಷ್ಟು ಎಲ್ಲ ಅದರಲ್ಲಿರುತ್ತದೆ. ಆ ದಿನ ಅಡುಗೆಯವರ ಕೈಗೂ, ಹಾಲ್ ಹುಡುಗರ ಕೈಗೂ ಹೋಗುವುದು ಅದೇ ಹಾಳೆ. ನಿಮ್ಮ ಜೊತೆ ಮಾತಾಡಿದ ಮ್ಯಾನೇಜರ್ ಆ ಭಾನುವಾರ ರಜೆಯಲ್ಲಿರಬಹುದು. ಹಾಳೆಯಲ್ಲಿ ಇಲ್ಲದ ರೊಟ್ಟಿ ಊಟದಲ್ಲೂ ಇರಲ್ಲ.

ಸಣ್ಣ ಹೋಟೆಲಾದರೆ ಅವರ ರಸೀದಿಯ ಹಿಂದೆಯೇ ಬರೆಸಿ ಸೀಲ್ ಹಾಕಿಸಿ. ರದ್ದು ಮಾಡಿದರೆ ಎಷ್ಟು ವಾಪಸ್, ಎಷ್ಟು ದಿನ ಮುಂಚೆ ಹೇಳಬೇಕು, ದಿನ ಮುಂದೂಡಿದರೆ ಅಡ್ವಾನ್ಸ್ ಉಳಿಯುತ್ತದೆಯೇ, ಈ ಮೂರು ಸಾಲು ಅದರಲ್ಲಿ ಇರಲಿ. ಅಡ್ವಾನ್ಸನ್ನು ಹೋಟೆಲಿನ ಖಾತೆಗೇ ಹಾಕಿ, ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಬೇಡಿ.

ಉಳಿದ ಮೂವರಿಗೆ

ಈ ಕೆಲಸ ಹೆಚ್ಚಿನವರು ಮಾಡುವುದಿಲ್ಲ. ಕೊಟೇಶನ್ ಕೊಟ್ಟ ಉಳಿದ ಹೋಟೆಲುಗಳು ನಿಮ್ಮ ದಿನವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿರುತ್ತವೆ. ಇನ್ಯಾರೋ ಮಗಳ ನಾಮಕರಣಕ್ಕೆ ಅದೇ ದಿನ ಕೇಳಿದರೆ 'ಸ್ವಲ್ಪ ತಡೀರಿ' ಅನ್ನುತ್ತಿರುತ್ತಾರೆ. ಬೇರೆ ಕಡೆ ಆಯಿತು, ಆ ದಿನ ಬಿಟ್ಟುಬಿಡಿ ಅಂತ ಎರಡು ಸಾಲು ಕಳಿಸಿ.

ನಾನು ಅಡ್ವಾನ್ಸ್ ಕಟ್ಟಿ ಬಂದು, ಮೂವರಿಗೂ ಮೆಸೇಜ್ ಹಾಕಿದೆ. ಇಬ್ಬರು ಕೈಮುಗಿದ ಚಿತ್ರ ಕಳಿಸಿದರು. ಮೂರನೆಯವರು ಅರ್ಧ ತಾಸಿನ ಮೇಲೆ ಫೋನ್ ಮಾಡಿದರು. 'ಸರ್, ಪ್ಲೇಟಿಗೆ ನಲವತ್ತು ಕಡಿಮಿ ಮಾಡ್ತೀವ್ರಿ. ಎಷ್ಟ್ ಮಂದಿ ಅಂದ್ರಿ?'